ಒದ್ದೆ ರಸ್ತೆಯಲ್ಲಿ ಕಾರು ಜಾರುತ್ತಿದೆಯಾ? ಕಾರಣ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಮಳೆಯಲ್ಲಿ ಕಾರು ಜಾರಿದಾಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ರಸ್ತೆಯನ್ನು ಬೈದು ಸುಮ್ಮನಾಗುತ್ತಾರೆ. ಇಲ್ಲವೇ ಸೀದಾ ಹೋಗಿ ನಾಲ್ಕೂ ಟೈರ್ ಬದಲಾಯಿಸುತ್ತಾರೆ. ಸುಮ್ಮನಾದರೆ ಅಪಾಯ ಹಾಗೇ ಉಳಿಯುತ್ತದೆ. ಟೈರ್ ಬದಲಾಯಿಸಿದರೂ ಉಳಿಯಬಹುದು, ಮೇಲೆ ದುಡ್ಡೂ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ, ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ಕೆಟ್ಟಿದ್ದರೆ ಹೊಸ ಟೈರೂ ಕೆಲವೇ ತಿಂಗಳಲ್ಲಿ ಹಳೆಯದರ ಹಾದಿ ಹಿಡಿಯುತ್ತದೆ.

ಕಾರು ಯಾವಾಗ ಜಾರಿತು, ಮುಂದಿನಿಂದಲೋ ಹಿಂದಿನಿಂದಲೋ, ಆಗ ನಿಮ್ಮ ಕಾಲು ಯಾವ ಪೆಡಲ್ ಮೇಲಿತ್ತು? ಇಷ್ಟು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಅಲ್ಲಿಂದ ಶುರುಮಾಡಿ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಕೊನೆಗೆ ಗ್ಯಾರೇಜಿಗೆ ಹೋಗೋಣ.

ಹಿಡಿತ ಎಲ್ಲಿಂದ ಬರುತ್ತದೆ

ಇಡೀ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಜಾಗದಲ್ಲಿ. ಒಂದೊಂದೂ ಸುಮಾರು ಅಂಗೈ ಅಗಲ, ಅಷ್ಟೇ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಅಷ್ಟರಲ್ಲೇ ಆಗಬೇಕು. ರಸ್ತೆ ಒದ್ದೆಯಾದಾಗ ಟೈರ್ ಮೊದಲು ಅಲ್ಲಿರುವ ನೀರನ್ನು ಪಕ್ಕಕ್ಕೆ ತಳ್ಳಬೇಕು, ಆಮೇಲೆ ರಸ್ತೆಯನ್ನು ಹಿಡಿಯಬೇಕು. ಈ ಕೆಲಸ ಎಷ್ಟು ದೊಡ್ಡದು ಅಂತ ಒಂದು ಲೆಕ್ಕ ಹಾಕಿ ನೋಡಿ. ರಸ್ತೆಯ ಮೇಲೆ 2 ಮಿ.ಮೀ. ನೀರಿದೆ, ಟೈರಿನ ಅಗಲ 18 ಸೆಂ.ಮೀ., ವೇಗ ಗಂಟೆಗೆ 80 ಕಿ.ಮೀ. ಆಗ ಒಂದು ಟೈರ್ ಒಂದೇ ಸೆಕೆಂಡಿನಲ್ಲಿ ಸುಮಾರು 8 ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. ಟೈರಿನ ಮೇಲಿನ ಬಟನ್‌ಗಳ, ಅಂದರೆ ರಬ್ಬರ್ ಉಬ್ಬುಗಳ, ನಡುವಿನ ಕಾಲುವೆಗಳು ಇರುವುದೇ ಇದಕ್ಕೆ.

ನೀರು ಹೊರಗೆ ಹೋಗಲು ಜಾಗ ಇಲ್ಲದಿದ್ದರೆ ಅದು ಟೈರಿನ ಕೆಳಗೇ ಉಳಿದು ಟೈರನ್ನು ಮೇಲಕ್ಕೆ ಎತ್ತುತ್ತದೆ. ಇದಕ್ಕೆ ಅಕ್ವಾಪ್ಲೇನಿಂಗ್ ಅನ್ನುತ್ತಾರೆ. ಆಗ ನೀವು ಸ್ಟೇರಿಂಗ್ ತಿರುಗಿಸಿದರೂ ಅದು ರಸ್ತೆಗೆ ತಲುಪುವುದಿಲ್ಲ.

ಅಕ್ವಾಪ್ಲೇನಿಂಗ್ ಆಗದಿದ್ದರೂ ಬರೀ ಒದ್ದೆಯೇ ಸಾಕಷ್ಟು ಹಿಡಿತ ಕಸಿಯುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿಗೆ ಘರ್ಷಣೆಯ ಪ್ರಮಾಣ ಸುಮಾರು 0.8 ಅಂತ ಇಟ್ಟುಕೊಳ್ಳಿ. ಒದ್ದೆಯಾದರೆ 0.5ರ ಆಸುಪಾಸು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಸುಮಾರು 32 ಮೀಟರಿಗೆ ನಿಲ್ಲುವ ಕಾರು ಒದ್ದೆಯಲ್ಲಿ 50 ಮೀಟರ್ ತೆಗೆದುಕೊಳ್ಳುತ್ತದೆ. ಟೈರ್ ಸವೆದು ಘರ್ಷಣೆ 0.3ಕ್ಕೆ ಇಳಿದರೆ 84 ಮೀಟರ್. ನೀವು ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ತಡವಾದರೆ ಇನ್ನೂ 22 ಮೀಟರ್ ಸೇರಿಸಿಕೊಳ್ಳಿ.

ಹಂತ 1: ಯಾವಾಗ, ಹೇಗೆ ಜಾರಿತು ಅಂತ ಬರೆದಿಡಿ

ನೆನಪಿನ ಮೇಲೆ ಬಿಡಬೇಡಿ, ಒಂದು ಚೀಟಿಯಲ್ಲಿ ಬರೆಯಿರಿ. ವೇಗ ಎಷ್ಟಿತ್ತು, ರಸ್ತೆ ನೇರವೋ ತಿರುವೋ, ನೀರು ನಿಂತಿತ್ತೋ ಬರೀ ತೇವವೋ, ಕಾಲು ಬ್ರೇಕ್ ಮೇಲಿತ್ತೋ ಆಕ್ಸಿಲರೇಟರ್ ಮೇಲಿತ್ತೋ. ಗ್ಯಾರೇಜಿಗೆ ಹೋದರೂ ಮೆಕ್ಯಾನಿಕ್‌ಗೆ ಬೇಕಾಗುವುದು ಇದೇ.

ಸಿಗ್ನಲ್‌ನಿಂದ ಹೊರಡುವಾಗ ಅಥವಾ ಏರು ಹತ್ತುವಾಗ ಚಕ್ರ ಸುಮ್ನೆ ತಿರುಗಿದರೆ ಎಂಜಿನ್ ಶಕ್ತಿ ಕೊಡುವ ಚಕ್ರಗಳ ಟೈರನ್ನು ಮೊದಲು ನೋಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಅವು ಮುಂದಿನವು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಹೋಗಲು ನೋಡಿದರೆ ಮುಂದಿನ ಟೈರ್ ಹಿಡಿತ ಬಿಟ್ಟಿದೆ. ಹಿಂಭಾಗ ಹೊರಕ್ಕೆ ಬೀಸಿದ ಹಾಗಾದರೆ ಹಿಂದಿನ ಟೈರ್, ಹಿಂದಿನ ಶಾಕ್ ಅಬ್ಸಾರ್ಬರ್, ಹಿಂದಿನ ಬ್ರೇಕ್, ಮೂರರ ಮೇಲೂ ಅನುಮಾನ ಇರಲಿ. ಬ್ರೇಕ್ ಒತ್ತಿದಾಗ ಮಾತ್ರ ಒಂದು ಬದಿಗೆ ಎಳೆದರೆ ಬ್ರೇಕ್ ಸಮನಾಗಿ ಹಿಡಿಯುತ್ತಿಲ್ಲ, ಅಥವಾ ಎರಡು ಬದಿಯ ಟೈರಿನ ಸ್ಥಿತಿ ಬೇರೆ ಬೇರೆ ಇದೆ. ವೇಗದಲ್ಲಿ ನೀರಿನ ಮೇಲೆ ಹೋದಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಗಿ ಎಂಜಿನ್ ಸದ್ದು ಏರಿದರೆ ಅದು ಅಕ್ವಾಪ್ಲೇನಿಂಗ್.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಜಾರುವುದು ಎಲ್ಲ ಕಡೆಯೂ ಆಗುತ್ತಿದೆಯಾ, ಒಂದೇ ಜಾಗದಲ್ಲಾ? ತುಂಬಾ ದಿನದ ಬಿಸಿಲಿನ ನಂತರ ಬರುವ ಮೊದಲ ಮಳೆಯಲ್ಲಿ ರಸ್ತೆಯ ಮೇಲಿನ ಎಣ್ಣೆ, ಧೂಳು, ರಬ್ಬರ್ ಪುಡಿ ನೀರಿನ ಜೊತೆ ಸೇರಿ ಜಾರುವ ಪದರವಾಗುತ್ತದೆ. ಜೋರು ಮಳೆ ಬಿದ್ದು ಅದು ತೊಳೆದುಹೋಗುವವರೆಗೆ ಯಾವ ಕಾರಾದರೂ ಜಾರಬಹುದು. ಬಿಳಿ ಪಟ್ಟೆಯ ಬಣ್ಣ, ಕಬ್ಬಿಣದ ಮುಚ್ಚಳ, ರೈಲು ಹಳಿ, ಒದ್ದೆ ಎಲೆಗಳ ಮೇಲೂ ಅಷ್ಟೇ. ಅಂಥ ಜಾಗದಲ್ಲಿ ಮಾತ್ರ ಜಾರಿದರೆ ದೋಷ ಕಾರಿನದಲ್ಲ.

ಹಂತ 2: ಗಾಳಿ ನೋಡಿ

ಇದು ಅತಿ ಸುಲಭದ ಪರೀಕ್ಷೆ. ಅತಿ ಜಾಸ್ತಿ ತಪ್ಪಾಗುವುದೂ ಇಲ್ಲೇ.

ಗಾಳಿ ಎಷ್ಟಿರಬೇಕು ಅನ್ನುವುದು ಚಾಲಕನ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ತುಂಬಿಸಬೇಡಿ. ಕಾರು ಕನಿಷ್ಠ 3 ಗಂಟೆ ನಿಂತು ಟೈರ್ ತಣ್ಣಗಿದ್ದಾಗ ಅಳೆಯಬೇಕು. ಓಡಿ ಬಂದ ಬಿಸಿ ಟೈರಿನಲ್ಲಿ ಒತ್ತಡ ಹೆಚ್ಚೇ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗಿರುತ್ತದೆ. ಹವೆ ತಣ್ಣಗಾದರೂ ಒತ್ತಡ ಇಳಿಯುತ್ತದೆ, 5ರಿಂದ 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಬೇಸಿಗೆಯಲ್ಲಿ ಸರಿಯಾಗಿದ್ದ ಗಾಳಿ ಮಳೆಗಾಲದ ಹೊತ್ತಿಗೆ ಕಡಿಮೆಯಾಗಿರುವುದಕ್ಕೆ ಇದೂ ಒಂದು ಕಾರಣ.

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕೆಸರು, ಮರಳಿನಲ್ಲಿ ಆ ಮಾತು ಸರಿ. ಡಾಂಬರಿನ ಮೇಲೆ ನಿಂತ ನೀರಿನಲ್ಲಿ ಪೂರಾ ಉಲ್ಟಾ. ಗಾಳಿ ಕಡಿಮೆಯಾದರೆ ಟೈರಿನ ನಡುಭಾಗ ಒಳಕ್ಕೆ ಬಾಗುತ್ತದೆ, ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟೈರ್ ನೀರಿನ ಮೇಲೆ ತೇಲಲು ಶುರುವಾಗುವ ವೇಗಕ್ಕೂ ಒತ್ತಡಕ್ಕೂ ಇರುವ ಸಂಬಂಧವನ್ನು ನಾಸಾ 1960ರ ದಶಕದಲ್ಲೇ ವಿಮಾನದ ಟೈರ್‌ಗಳ ಮೇಲೆ ಪರೀಕ್ಷಿಸಿ ಸೂತ್ರ ಕೊಟ್ಟಿದೆ. ಪಿಎಸ್‌ಐ ಸಂಖ್ಯೆಯ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ ಆ ವೇಗ ಗಂಟೆಗೆ ಕಿ.ಮೀ. ಲೆಕ್ಕದಲ್ಲಿ ಸಿಗುತ್ತದೆ. 32 ಪಿಎಸ್‌ಐಗೆ ಸುಮಾರು 94 ಕಿ.ಮೀ. 25 ಪಿಎಸ್‌ಐಗೆ 83 ಕಿ.ಮೀ. ಕಾರಿನ ಟೈರಿನಲ್ಲಿ ಬಟನ್ ಆಳ, ಅಗಲ, ನೀರಿನ ಆಳದ ಮೇಲೆ ಈ ಸಂಖ್ಯೆ ಹೆಚ್ಚುಕಮ್ಮಿ ಆಗುತ್ತದೆ. ಆದರೆ ದಿಕ್ಕು ಬದಲಾಗುವುದಿಲ್ಲ. ಗಾಳಿ ಕಡಿಮೆಯಾದಷ್ಟೂ ಕಡಿಮೆ ವೇಗದಲ್ಲೇ ತೇಲುತ್ತದೆ.

ಹಾಗಂತ ಜಾಸ್ತಿ ತುಂಬಿಸುವುದೂ ಬೇಡ. ಆಗ ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗಿ, ತೇವದ ಮೇಲೆ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಚೀಟಿಯಲ್ಲಿ ಬರೆದಷ್ಟೇ ಇರಲಿ. ಪೂರ್ತಿ ಜನ, ಲಗೇಜು ಇದ್ದರೆ ಅದಕ್ಕೆ ಬೇರೆ ಸಂಖ್ಯೆ ಅದೇ ಚೀಟಿಯಲ್ಲಿ ಇರುತ್ತದೆ.

ಹಂತ 3: ಟೈರನ್ನು ಕೈಯಿಂದ ಮುಟ್ಟಿ ಓದಿ

ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಕಾರು ನಿಲ್ಲಿಸಿದರೆ ಮುಂದಿನ ಟೈರಿನ ಮುಖ ಚೆನ್ನಾಗಿ ಕಾಣುತ್ತದೆ. ಹಿಂದಿನದಕ್ಕೆ ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ಒಳಬದಿಯನ್ನು ನೋಡದೆ ಬಿಡಬೇಡಿ. ಹೊರಗಿನಿಂದ ಹೊಸದರಂತೆ ಕಂಡು ಒಳಬದಿ ಪೂರ್ತಿ ಬೋಳಾಗಿರುವ ಟೈರ್‌ಗಳು ಬೇಕಾದಷ್ಟಿವೆ.

ಮೊದಲು ಆಳ. ಹೊಸ ಕಾರ್ ಟೈರಿನಲ್ಲಿ ಕಾಲುವೆಯ ಆಳ ಸುಮಾರು 8 ಮಿ.ಮೀ. ಇರುತ್ತದೆ. ತುಂಬಾ ದೇಶಗಳ ಕಾನೂನಿನಲ್ಲಿ ಕನಿಷ್ಠ 1.6 ಮಿ.ಮೀ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ. ಅವು ಎಲ್ಲಿವೆ ಅಂತ ತೋರಿಸಲು ಟೈರಿನ ಅಂಚಿನಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಅಂತ ಗುರುತು ಇರುತ್ತದೆ. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ಆದರೆ ಅಲ್ಲಿಯವರೆಗೆ ಕಾಯುವುದು ಮಳೆಗೆ ಸರಿಯಲ್ಲ. 3 ಮಿ.ಮೀ.ಗಿಂತ ಕೆಳಗೆ ಇಳಿದ ಮೇಲೆ ಒದ್ದೆ ಹಿಡಿತ ಬೇಗ ಬೇಗ ಕುಸಿಯುತ್ತದೆ. ಮಳೆಗಾಲ ಮುಂದಿರುವಾಗ ನಾನಾದರೆ 3 ಮಿ.ಮೀ.ಯಲ್ಲೇ ಬದಲಾಯಿಸುತ್ತೇನೆ. ಅಳೆಯಲು ಆಳ ಅಳೆಯುವ ಸಣ್ಣ ಗೇಜ್ ಸಿಗುತ್ತದೆ. ಒಳಬದಿ, ನಡು, ಹೊರಬದಿ ಮೂರೂ ಕಡೆ ಅಳೆದು, ಟೈರಿನ ಸುತ್ತ ಬೇರೆ ಬೇರೆ ಜಾಗದಲ್ಲೂ ನೋಡಿ.

ಎಲ್ಲಿ ಸವೆದಿದೆ ಅನ್ನುವುದು ಎಷ್ಟು ಸವೆದಿದೆ ಅನ್ನುವಷ್ಟೇ ಮುಖ್ಯ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ತುಂಬಾ ದಿನ ಕಡಿಮೆ ಇತ್ತು. ನಡು ಮಾತ್ರ ಸವೆದಿದ್ದರೆ ಜಾಸ್ತಿ ಇತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಕೆಳಗಿನ ಜಾಯಿಂಟ್, ಬುಷ್. ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಆಡಿಸಿ. ಒಂದು ಕಡೆಗೆ ನುಣುಪಾಗಿ, ಮರಳಿ ಬರುವಾಗ ಗರಗಸದ ಹಾಗೆ ಚುಚ್ಚಿದರೆ ಚಕ್ರದ ಟೋ ಅಳತೆ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಮುಖಮಾಡಿರುವ ಕೋನ, ತಪ್ಪಿದೆ. ಸುತ್ತಲೂ ಅಲ್ಲಲ್ಲಿ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್. ಕೈ ಆಡಿಸುವ ಮುಂಚೆ ತಂತಿ ಹೊರಬಂದಿದೆಯಾ ನೋಡಿಕೊಳ್ಳಿ, ಕೊಯ್ಯುತ್ತದೆ.

ಆಮೇಲೆ ವಯಸ್ಸು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್. ಈ ನಾಲ್ಕು ಅಂಕಿ ಒಂದೇ ಬದಿಯಲ್ಲಿ ಇರಬಹುದು, ಹೊರಗೆ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಬಟನ್ ಆಳ ಚೆನ್ನಾಗಿದ್ದೂ ಒದ್ದೆಯಲ್ಲಿ ಜಾರುವ ಕಾರುಗಳಲ್ಲಿ ನನಗೆ ಮೊದಲ ಅನುಮಾನ ಇದರ ಮೇಲೇ. ಕಡಿಮೆ ಓಡುವ ಕಾರಿನ ಟೈರ್ ಸವೆಯುವುದಿಲ್ಲ, ಆದರೆ ರಬ್ಬರ್ ಬಿಸಿಲಿಗೆ, ಗಾಳಿಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಳೆಯದಾಗಿ ಗಟ್ಟಿಯಾದ ಅಳಿಸುವ ರಬ್ಬರು ಕಾಗದದ ಮೇಲೆ ಬರೀ ಜಾರುತ್ತದಲ್ಲ, ಅದೇ ಸ್ಥಿತಿ. ಪಕ್ಕದ ಗೋಡೆಯಲ್ಲಿ, ಬಟನ್‌ಗಳ ಬುಡದಲ್ಲಿ ಸಣ್ಣ ಬಿರುಕುಗಳು ಕಂಡರೆ ಅದು ಗುರುತು. 5 ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಗೆ ತೋರಿಸಿ. 10 ವರ್ಷವಾದದ್ದು ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ, ಸ್ಟೆಪ್ನಿಯೂ ಸೇರಿ.

ಇನ್ನೆರಡು ಸಣ್ಣ ವಿಷಯ. ಕೆಲವು ಟೈರ್ ಒಂದೇ ದಿಕ್ಕಿಗೆ ತಿರುಗಬೇಕು, ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ. ಕೆಲವಕ್ಕೆ ಹೊರಬದಿ ಯಾವುದು ಅಂತ ಬರೆದಿರುತ್ತದೆ. ಪಂಕ್ಚರ್ ಹಾಕಿಸಿದಾಗ ಉಲ್ಟಾ ಹಾಕಿದ್ದರೆ ನೀರು ಹೊರಹೋಗುವ ಕೆಲಸ ಕೆಡುತ್ತದೆ. ಹಾಗೆಯೇ ಟೈರಿಗೆ ಹೊಳಪು ಬರಿಸುವ ದ್ರವವನ್ನು ರಸ್ತೆಗೆ ತಾಗುವ ಭಾಗಕ್ಕೆ ಯಾವತ್ತೂ ಹಚ್ಚಬೇಡಿ. ವಾಷಿಂಗ್ ಮಾಡಿಸಿದ ಮಾರನೇ ದಿನವೇ ಜಾರಲು ಶುರುವಾಗಿದ್ದರೆ ಅದೇ ಕಾರಣ ಇರಬಹುದು. ಸೋಪು ನೀರಲ್ಲಿ ಉಜ್ಜಿ ತೊಳೆಯಿರಿ.

ಹಂತ 4: ಯಾವ ಟೈರ್ ಎಲ್ಲಿದೆ

ಎರಡೇ ಹೊಸ ಟೈರ್ ಹಾಕಿಸಿದರೆ ಮುಂದಕ್ಕೆ ಹಾಕುವ ಅಭ್ಯಾಸ ತುಂಬಾ ಕಡೆ ಇದೆ. ಎಂಜಿನ್ ಶಕ್ತಿ, ಸ್ಟೇರಿಂಗ್, ಬ್ರೇಕಿನ ಹೆಚ್ಚು ಭಾರ ಎಲ್ಲಾ ಮುಂದೆ ತಾನೆ ಅನ್ನುವುದು ಅವರ ಲೆಕ್ಕ. ಮಳೆಯ ಮಟ್ಟಿಗೆ ಈ ಲೆಕ್ಕ ತಪ್ಪು. ಹೆಚ್ಚು ಆಳ ಇರುವ ಟೈರ್ ಹಿಂದಕ್ಕೇ ಹೋಗಬೇಕು, ಕಾರು ಮುಂದಿನ ಚಕ್ರದಿಂದ ಓಡುವಂಥದ್ದಾದರೂ ಸರಿ. ಮುಂದಿನ ಟೈರ್ ಜಾರಿದರೆ ಕಾರು ನೇರಕ್ಕೆ ಹೋಗಲು ನೋಡುತ್ತದೆ, ನಿಮಗೆ ಸ್ಟೇರಿಂಗ್‌ನಲ್ಲೇ ಗೊತ್ತಾಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಟೈರ್ ಮೊದಲು ಜಾರಿದರೆ ಮುನ್ಸೂಚನೆಯೇ ಇರುವುದಿಲ್ಲ. ಕಾರು ತಿರುಗಿ ನಿಂತ ಮೇಲೆ ಏನಾಯಿತು ಅಂತ ತಿಳಿಯುತ್ತದೆ. ಹೊಸ ಟೈರ್ ಹಾಕಿಸಿದ ಮೇಲೇ ಹಿಂಭಾಗ ಬೀಸಲು ಶುರುವಾಯಿತು ಅನ್ನುವವರು ಇದನ್ನೇ ಮೊದಲು ನೋಡಿ. ಮುಂದಿನ, ಹಿಂದಿನ ಅಳತೆ ಒಂದೇ ಆಗಿದ್ದರೆ ಜಾಗ ಬದಲಾಯಿಸಿದರೆ ಸಾಕು.

ಒಂದೇ ಆಕ್ಸಲ್ ಮೇಲೆ ಎಡಕ್ಕೊಂದು ಕಂಪನಿ, ಬಲಕ್ಕೊಂದು ಕಂಪನಿಯ ಟೈರ್ ಬೇಡ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ನಾಲ್ಕರ ಸವೆತವೂ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ದರೆ ಗೇರ್ ಭಾಗಗಳಿಗೆ ಪೆಟ್ಟು. ತಾತ್ಕಾಲಿಕ ಸಣ್ಣ ಸ್ಟೆಪ್ನಿ ಹಾಕಿದ್ದರೆ ಅದರ ಮೇಲೆ ಸಾಮಾನ್ಯವಾಗಿ 80 ಕಿ.ಮೀ. ಮಿತಿ ಬರೆದಿರುತ್ತದೆ. ಮಳೆಯಲ್ಲಿ ಅದಕ್ಕಿಂತ ಇನ್ನೂ ನಿಧಾನ ಹೋಗಿ.

ಹಂತ 5: ಕೆಳಗಿನ ಭಾಗಗಳು

ಶಾಕ್ ಅಬ್ಸಾರ್ಬರ್ ಕೆಲಸ ಬರೀ ಕುಲುಕು ತಗ್ಗಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಟೈರನ್ನು ರಸ್ತೆಗೆ ಒತ್ತಿ ಹಿಡಿಯುವುದೂ ಅದರದೇ ಕೆಲಸ. ಅದು ಸೋತರೆ ಉಬ್ಬುತಗ್ಗಿನಲ್ಲಿ ಚಕ್ರ ಪುಟಿಯುತ್ತದೆ. ಪುಟಿದ ಆ ಕ್ಷಣದಲ್ಲಿ ಹಿಡಿತ ಇಲ್ಲ. ಒಣ ರಸ್ತೆಯಲ್ಲಿ ತಿಳಿಯದ ಈ ದೋಷ ಒದ್ದೆಯಲ್ಲಿ ಬಯಲಾಗುತ್ತದೆ.

ಕಾರಿನ ಒಂದೊಂದು ಮೂಲೆಯನ್ನೂ ಜೋರಾಗಿ ಕೆಳಕ್ಕೆ ಒತ್ತಿ ಬಿಡಿ. ಮೇಲೆ ಬಂದು ಒಂದು ಸಲಕ್ಕೇ ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಶಾಕ್ ಹೋಗಿದೆ. ಈ ಪರೀಕ್ಷೆ ಪೂರ್ತಿ ಕೆಟ್ಟದ್ದನ್ನು ಮಾತ್ರ ಹಿಡಿಯುತ್ತದೆ, ಅರ್ಧ ಸೋತದ್ದನ್ನು ಹಿಡಿಯುವುದಿಲ್ಲ. ಅದಕ್ಕೇ ಶಾಕ್ ಮೈಮೇಲೆ ಎಣ್ಣೆ ಸೋರಿದ ಗುರುತು ಇದೆಯಾ, ಟೈರಿನಲ್ಲಿ ತಗ್ಗುಗಳಿವೆಯಾ ಅಂತಲೂ ನೋಡಿ. ಬದಲಾಯಿಸುವಾಗ ಎಡ ಬಲ ಜೋಡಿಯಾಗಿ ಬದಲಾಯಿಸಿ.

ಅಲೈನ್‌ಮೆಂಟ್ ಮಾಡಿಸುವ ಮುಂಚೆ ಬಾಲ್ ಜಾಯಿಂಟ್, ಟೈ ರಾಡ್ ತುದಿ, ಬುಷ್ ಸಡಿಲ ಇದೆಯಾ ಅಂತ ನೋಡಿಸಿ. ಸಡಿಲ ಇಟ್ಟುಕೊಂಡು ಮಾಡಿದ ಅಲೈನ್‌ಮೆಂಟ್ ಮುಂದಿನ ಗುಂಡಿಯವರೆಗೆ ಮಾತ್ರ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಅಳತೆಯ ಪ್ರಿಂಟ್ ಕೇಳಿ ತೆಗೆದುಕೊಳ್ಳಿ.

ಹಂತ 6: ಬ್ರೇಕ್ ಮತ್ತು ಎಚ್ಚರಿಕೆ ದೀಪಗಳು

ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಹೆಚ್ಚು ಕಾಯುತ್ತಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಅಂಥ ಚಕ್ರ ಒದ್ದೆಯಲ್ಲಿ ಬೇರೆಯವುಗಳಿಗಿಂತ ಮೊದಲು ಜಾಮ್ ಆಗಬಹುದು. ಹಿಂದಿನ ಡ್ರಮ್ ಬ್ರೇಕಿನ ಸಿಲಿಂಡರ್ ಸೋರಿ ಶೂ ಮೇಲೆ ಎಣ್ಣೆ ಬಿದ್ದಿದ್ದರೂ ಎಡ ಬಲ ಸಮ ಇರುವುದಿಲ್ಲ. ಬ್ರೇಕ್ ವಿಷಯದಲ್ಲಿ ಮನೆಯಲ್ಲಿ ಪ್ರಯೋಗ ಬೇಡ, ಮೆಕ್ಯಾನಿಕ್ ಹತ್ತಿರ ಹೋಗಿ.

ಕೀ ತಿರುಗಿಸಿದಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಕೊಂಡೇ ಇದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ, ಬ್ರೇಕ್ ಮಾತ್ರ ಇದೆ. ಜಾರುವ ಕಾರಿನ ಚಿತ್ರದ ದೀಪ ಸ್ಟೆಬಿಲಿಟಿ ಕಂಟ್ರೋಲ್‌ನದು, ಅಂದರೆ ಕಾರು ಜಾರದಂತೆ ತಾನೇ ಹಿಡಿಯುವ ವ್ಯವಸ್ಥೆಯದು. ಅದು ಓಡಿಸುವಾಗ ಮಿನುಗಿದರೆ ಗಾಬರಿ ಬೇಡ, ವ್ಯವಸ್ಥೆ ಆ ಕ್ಷಣದಲ್ಲಿ ನಿಮ್ಮನ್ನು ಉಳಿಸುತ್ತಿದೆ ಅಂತ ಅರ್ಥ. ಹತ್ತಿಕೊಂಡೇ ಉಳಿದರೆ ಅದು ಆಫ್ ಆಗಿದೆ ಅಥವಾ ಕೆಟ್ಟಿದೆ. ಗುಂಡಿ ಒತ್ತಿ ನೀವೇ ಆಫ್ ಮಾಡಿದ್ದೀರಾ ಮೊದಲು ನೋಡಿ. ಒಣ ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸುವಾಗಲೂ ಕೊನೆಯಲ್ಲಿ ಪೆಡಲ್ ಗರಗರ ನಡುಗಿದರೆ ಚಕ್ರದ ವೇಗ ಅಳೆಯುವ ಸೆನ್ಸರ್ ಮೇಲೆ ಕೊಳೆ ಕೂತಿರಬಹುದು, ಅಥವಾ ಅದರ ಹಲ್ಲಿನ ಉಂಗುರ ತುಕ್ಕು ಹಿಡಿದು ಬಿರಿದಿರಬಹುದು.

ಎಬಿಎಸ್ ಆಗಲಿ, ಸ್ಟೆಬಿಲಿಟಿ ಕಂಟ್ರೋಲ್ ಆಗಲಿ ಟೈರಿನಲ್ಲಿ ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಇರುವುದನ್ನು ಸರಿಯಾಗಿ ಬಳಸುತ್ತವೆ ಅಷ್ಟೇ. ದೀಪ ಪದೇ ಪದೇ ಮಿನುಗುತ್ತಿದ್ದರೆ 2 ಮತ್ತು 3ನೇ ಹಂತಕ್ಕೆ ವಾಪಸ್ ಹೋಗಿ.

ಹೊಸ ಟೈರೇ ಬೇಕು ಅಂತಾದರೆ

ಬಾಳಿಕೆ ನೋಡಿ ಕೊಳ್ಳುವವರೇ ಜಾಸ್ತಿ. ಗಟ್ಟಿ ರಬ್ಬರ್ ಹೆಚ್ಚು ಕಿ.ಮೀ. ಓಡುತ್ತದೆ, ಆದರೆ ಒದ್ದೆಯಲ್ಲಿ ಹಿಂದೆ ಬೀಳುವುದುಂಟು. ಯುರೋಪಿನ ಲೇಬಲ್ ಇರುವ ಟೈರಿನಲ್ಲಿ ಒದ್ದೆ ಹಿಡಿತಕ್ಕೆ 'ಎ'ಯಿಂದ 'ಇ' ವರೆಗೆ ದರ್ಜೆ ಇರುತ್ತದೆ, 'ಎ' ಅತ್ಯುತ್ತಮ. ಅಮೆರಿಕದ ಪದ್ಧತಿಯಲ್ಲಿ ಟೈರಿನ ಮೈಮೇಲೇ ಟ್ರ್ಯಾಕ್ಷನ್ ಅಂತ ಬರೆದು ಎಎ, ಎ, ಬಿ, ಸಿ ಅಂತ ಇರುತ್ತದೆ. ಅದನ್ನು ಒದ್ದೆ ರಸ್ತೆಯಲ್ಲಿ ನೇರ ಬ್ರೇಕ್ ಹಾಕಿ ಅಳೆದದ್ದು, ತಿರುವಿನ ಹಿಡಿತ ಅದರಲ್ಲಿ ಸೇರಿಲ್ಲ. ಅಂದಕ್ಕೆ ಅಂತ ತುಂಬಾ ಅಗಲದ ಟೈರ್ ಹಾಕಿಸಬೇಡಿ. ಅಗಲ ಹೆಚ್ಚಾದಷ್ಟೂ ಸರಿಸಬೇಕಾದ ನೀರೂ ಹೆಚ್ಚು.

ಜಾರಿದ ಆ ಕ್ಷಣದಲ್ಲಿ

ರಿಪೇರಿ ಮುಗಿಯುವ ಮುಂಚೆ ಮತ್ತೆ ಮಳೆ ಬರಬಹುದಲ್ವಾ? ಅಕ್ವಾಪ್ಲೇನಿಂಗ್ ಆದರೆ ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ಎತ್ತಿ. ಸ್ಟೇರಿಂಗ್ ನೇರವಾಗಿ ಹಿಡಿಯಿರಿ. ಬ್ರೇಕ್ ಒತ್ತಬೇಡಿ. ವೇಗ ಇಳಿದ ಕೂಡಲೇ ಟೈರ್ ರಸ್ತೆಗೆ ತಾಗುತ್ತದೆ. ಆಗ ಸ್ಟೇರಿಂಗ್ ತಿರುಚಿಕೊಂಡಿದ್ದರೆ ಕಾರು ಅದೇ ಕಡೆಗೆ ಹಾರುತ್ತದೆ. ತಿರುವಿನಲ್ಲಿ ಮುಂಭಾಗ ಜಾರಿದರೆ ಇನ್ನಷ್ಟು ತಿರುಗಿಸಬೇಡಿ, ಕಾಲೆತ್ತಿ, ಸ್ವಲ್ಪ ಸಡಿಲಿಸಿ. ಹಿಂಭಾಗ ಜಾರಿದರೆ ಕಾರು ಎಲ್ಲಿಗೆ ಹೋಗಬೇಕೋ ಅತ್ತ ನೋಡುತ್ತಾ ಅತ್ತಲೇ ತಿರುಗಿಸಿ. ತುರ್ತಾಗಿ ನಿಲ್ಲಿಸಬೇಕಾದಾಗ ಎಬಿಎಸ್ ಇದ್ದರೆ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ, ನಡುಗಿದರೂ ಬಿಡಬೇಡಿ. ಎಬಿಎಸ್ ಇಲ್ಲದಿದ್ದರೆ ಚಕ್ರ ಜಾಮ್ ಆದ ಕೂಡಲೇ ಸ್ವಲ್ಪ ಸಡಿಲಿಸಿ ಮತ್ತೆ ಒತ್ತಿ. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಆಫ್ ಇರಲಿ.

ಸರಿಪಡಿಸಿದ ಮೇಲೆ ಪರೀಕ್ಷೆ

ಹೊಸ ಟೈರಿನ ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸುವ ಜಾರುವ ಪದಾರ್ಥದ ಅಂಶ ಉಳಿದಿರುತ್ತದೆ. ಮೊದಲ ಕೆಲವು ನೂರು ಕಿ.ಮೀ. ಮೆತ್ತಗೆ ಓಡಿಸಿ, ಆಮೇಲೆ ಪರೀಕ್ಷಿಸಿ. ಜನ, ವಾಹನ ಯಾವುದೂ ಇಲ್ಲದ ಅಗಲದ ಬಯಲಿನಲ್ಲಿ, ನೆಲ ಒದ್ದೆ ಇದ್ದಾಗ, ಗಂಟೆಗೆ 30 ಕಿ.ಮೀ. ವೇಗದಲ್ಲಿ ನೇರವಾಗಿ ಹೋಗಿ ಬ್ರೇಕ್ ಒತ್ತಿ. ಕಾರು ಬದಿಗೆ ಎಳೆಯದೆ ನಿಲ್ಲಬೇಕು. ಹಿಂದೆ ಬರೆದಿಟ್ಟ ಚೀಟಿ ತೆಗೆದು, ಅಂದು ಜಾರಿದ ಸನ್ನಿವೇಶದಲ್ಲಿ ಈಗ ಹೇಗಿದೆ ಅಂತ ಹೋಲಿಸಿ. ಸಾರ್ವಜನಿಕ ರಸ್ತೆಯಲ್ಲಿ ಬೇಕಂತ ಜಾರಿಸಿ ನೋಡುವ ಕೆಲಸ ಮಾತ್ರ ಬೇಡ.

ಒಂದು ವಾರ ಬಿಟ್ಟು ಗಾಳಿ ಮತ್ತೆ ಅಳೆಯಿರಿ. ಒಂದೇ ಟೈರಿನಲ್ಲಿ ಇಳಿದಿದ್ದರೆ ಸಣ್ಣ ಪಂಕ್ಚರ್ ಅಥವಾ ವಾಲ್ವ್ ಸೋರಿಕೆ ಇದೆ. 2-3 ಸಾವಿರ ಕಿ.ಮೀ. ಆದ ಮೇಲೆ ಒಳಬದಿ, ನಡು, ಹೊರಬದಿಯ ಆಳ ಅಳೆದು ಆ ಅಲೈನ್‌ಮೆಂಟ್ ಪ್ರಿಂಟಿನ ಹಿಂದೆಯೇ ಬರೆದಿಡಿ. ಒಂದು ಅಂಚು ಮಾತ್ರ ಹೆಚ್ಚು ಸವೆಯುತ್ತಿದ್ದರೆ ಅದೇ ಕಾಗದ ಹಿಡಿದು ಅಲೈನ್‌ಮೆಂಟ್ ಮಾಡಿದವರ ಹತ್ತಿರ ವಾಪಸ್ ಹೋಗಿ.